ಅಗ್ಗದ ಟೆಲಿ ಝೂಮ್ ಮಂಕಾಗಿ ಬರುತ್ತಿದೆಯೇ? ತಪ್ಪು ಲೆನ್ಸಿನದೋ ಅಲ್ಲವೋ ಪತ್ತೆ ಮಾಡುವ ಬಗೆ

55–250, 70–300, 75–300 ಮಿ.ಮೀ. ಕಡಿಮೆ ಬೆಲೆಯ ಟೆಲಿ ಝೂಮ್ (ದೂರದ್ದನ್ನು ಹತ್ತಿರ ತರುವ ಲೆನ್ಸ್) ಅಂದರೆ ಹೆಚ್ಚೂ ಕಡಿಮೆ ಈ ಫೋಕಲ್ ಉದ್ದದವೇ. ಅಂಕಿ ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಅಪರ್ಚರ್ (ಬೆಳಕು ಒಳಬರುವ ಕಿಂಡಿ, ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್/4ರಲ್ಲಿ ಶುರುವಾಗುತ್ತದೆ, ಪೂರ್ತಿ ಝೂಮ್ ಮಾಡುವಷ್ಟರಲ್ಲಿ ಎಫ್/5.6ಕ್ಕೋ ಎಫ್/6.3ಕ್ಕೋ ಬಂದು ನಿಲ್ಲುತ್ತದೆ. ಇವುಗಳ ಮೇಲಿನ ದೂರು ಕೂಡ ಹೆಚ್ಚಾಗಿ ಒಂದೇ: "300ರಲ್ಲಿ ಎಲ್ಲಾ ಮಂಕು. ಲೆನ್ಸ್ ಹಾಳಾಗಿದೆ ಅನ್ಸುತ್ತೆ."

ಹಾಳಾಗಿರಲೂಬಹುದು. ಆದರೆ ಅದಕ್ಕಿಂತ ಮೊದಲು ಅನುಮಾನಪಡಬೇಕಾದವು ಬೇರೆ ಇವೆ. ಕೈ ಅಲುಗಿರಬಹುದು, ಫೋಕಸ್ ತಪ್ಪಿರಬಹುದು, ಮಧ್ಯೆ ಬಿಸಿ ಗಾಳಿ ಇರಬಹುದು, ಮುಂದೆ ಕಳಪೆ ಫಿಲ್ಟರ್ ಇರಬಹುದು. ಇವನ್ನೆಲ್ಲ ಬೇರ್ಪಡಿಸಲು ಒಂದು ಸುಳಿವು ನೆನಪಿಟ್ಟುಕೊಂಡರೆ ಸಾಕು. ಗಾಜಿನ ದೋಷ ಹಠಮಾರಿ. ಪ್ರತಿ ಫೋಟೋದಲ್ಲೂ ಬರುತ್ತದೆ, ಫ್ರೇಮಿನ ಅದೇ ಜಾಗದಲ್ಲಿ ಬರುತ್ತದೆ. ಅಲುಗಾಟ, ಗಾಳಿ, ಫೋಕಸ್ ಇವು ಒಂದು ಫೋಟೋದಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಹಾಗಾಗಿ ಯಾವ ಪರೀಕ್ಷೆಯನ್ನೂ ಒಂದೇ ಫೋಟೋ ತೆಗೆದು ಮುಗಿಸಬೇಡಿ. ಕನಿಷ್ಠ ಐದಾದರೂ ತೆಗೆಯಿರಿ. ಐದರಲ್ಲಿ ಒಂದೇ ಒಂದು ಶಾರ್ಪ್ ಆಗಿ ಬಂದರೂ ಗಾಜು ಸರಿಯಿದೆ ಎಂದೇ ಅರ್ಥ. ಉಳಿದ ನಾಲ್ಕು ಯಾಕೆ ಕೆಟ್ಟವು ಎಂಬುದು ಬೇರೆ ಪ್ರಶ್ನೆ.

ಮೊದಲು ಫಿಲ್ಟರ್ ಬಿಚ್ಚಿ

ಯುವಿ ಫಿಲ್ಟರ್ ಇದ್ದರೆ ತೆಗೆದಿಟ್ಟು ಅದೇ ಫೋಟೋ ಮತ್ತೆ ತೆಗೆಯಿರಿ. ಕಳಪೆ ಫಿಲ್ಟರಿನ ಗಾಜು ಪೂರ್ತಿ ಸಮತಟ್ಟಾಗಿರುವುದಿಲ್ಲ. ವೈಡ್ ಲೆನ್ಸಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. 300 ಮಿ.ಮೀ.ನಲ್ಲಿ ಅದೇ ಗಾಜು ಇಡೀ ಚಿತ್ರವನ್ನು ಕಲಸಿಬಿಡುತ್ತದೆ. ಇಷ್ಟರಲ್ಲೇ ಸಮಸ್ಯೆ ಮುಗಿದರೆ ಮುಂದಿನದು ಓದುವ ಅಗತ್ಯವೂ ಇಲ್ಲ. ಮುಂದಿನ ಗಾಜಿನ ಮೇಲೆ ಬೆರಳಚ್ಚು ಇದೆಯೇ ಎಂದೂ ಈಗಲೇ ನೋಡಿಬಿಡಿ. ಹಿಂದಿನ ಗಾಜನ್ನಂತೂ ತಪ್ಪದೆ ನೋಡಿ, ಅಲ್ಲಿನ ಜಿಡ್ಡು ಮುಂದಿನದಕ್ಕಿಂತ ಜಾಸ್ತಿ ಕೆಡಿಸುತ್ತದೆ.

ಅಲುಗಾಟವನ್ನು ಲೆಕ್ಕದಿಂದ ತೆಗೆಯುವುದು

24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 3.9 ಮೈಕ್ರಾನ್. 300 ಮಿ.ಮೀ.ನಲ್ಲಿ ನೋಡಿದರೆ, 100 ಮೀಟರ್ ದೂರದ ವಸ್ತುವಿನ ಮೇಲೆ ಆ ಒಂದು ಪಿಕ್ಸೆಲ್ ಹಿಡಿಯುವುದು ಬರೀ 1.3 ಮಿ.ಮೀ. ಜಾಗ. ಶಟರ್ ತೆರೆದಿರುವಾಗ ಲೆನ್ಸ್ ಕೂದಲೆಳೆಯಷ್ಟು ವಾಲಿದರೂ ನಾಲ್ಕೈದು ಪಿಕ್ಸೆಲ್ ಕಲಸಿಹೋಗುತ್ತವೆ. ಗುಂಡಿ ಒತ್ತುವ ಬೆರಳೇ ಸಾಕು.

ಶಟರ್ ವೇಗ 1/ಫೋಕಲ್ ಉದ್ದ ಸೆಕೆಂಡಿಗಿಂತ ನಿಧಾನ ಇರಬಾರದು ಎಂಬ ಹಳೆಯ ಸೂತ್ರ ಗೊತ್ತಿರಬಹುದು. ಎಪಿಎಸ್-ಸಿಯಲ್ಲಿ ಅದಕ್ಕೆ 1.5 ಅಥವಾ 1.6ರ ಗುಣಾಕಾರವನ್ನೂ ಸೇರಿಸಬೇಕು. ಅಂದರೆ 300 ಮಿ.ಮೀ.ಗೆ 1/500 ಸೆಕೆಂಡ್. ಇದು ದಿನನಿತ್ಯದ ಫೋಟೋಗೆ ಸಾಕು, ಪರೀಕ್ಷೆಗೆ ಸಾಲದು. ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಲೇಬೇಕು ಅಂದರೆ 1/1000ಕ್ಕಿಂತ ಕೆಳಗೆ ಇಳಿಯಬೇಡಿ.

ಟ್ರೈಪಾಡ್ ಇದ್ದರೆ ಒಳ್ಳೆಯದು. ಆದರೆ ಅದೂ ಮೋಸ ಮಾಡುತ್ತದೆ. ಅಗ್ಗದ ಝೂಮಿಗೆ ಸಾಮಾನ್ಯವಾಗಿ ಟ್ರೈಪಾಡ್ ಕಾಲರ್ (ಲೆನ್ಸನ್ನೇ ಟ್ರೈಪಾಡಿಗೆ ಕೂರಿಸುವ ಪಟ್ಟಿ) ಇರುವುದಿಲ್ಲ. ಭಾರವೆಲ್ಲ ಮುಂದಕ್ಕೆ ತೂಗುತ್ತದೆ, ಬಿಗಿ ಮಾಡಿದ ಮೇಲೂ ಹೆಡ್ ನಿಧಾನವಾಗಿ ಜಗ್ಗುತ್ತದೆ. ನಡುವಿನ ಕಂಬವನ್ನು ಪೂರ್ತಿ ಇಳಿಸಿ. ಲೆನ್ಸಿನ ಸ್ಟೆಬಿಲೈಸರ್ (ಕೈಯ ಅಲುಗಾಟ ತಗ್ಗಿಸುವ ಸೌಲಭ್ಯ) ಆಫ್ ಮಾಡಿ. ಟ್ರೈಪಾಡ್ ಮೇಲೆ ಕೆಲವು ಹಳೆಯ ಸ್ಟೆಬಿಲೈಸರ್‌ಗಳು ಇಲ್ಲದ ಅಲುಗಾಟವನ್ನು ಹುಡುಕುತ್ತಾ ತಾವೇ ಅಲುಗುತ್ತವೆ. ಟೈಮರ್ 2 ಸೆಕೆಂಡ್ ಬದಲು 10 ಸೆಕೆಂಡ್‌ಗೆ ಇಡಿ. ಹಗುರ ಟ್ರೈಪಾಡ್ 2 ಸೆಕೆಂಡಿನಲ್ಲಿ ಸುಮ್ಮನಾಗುವುದಿಲ್ಲ. ಡಿಎಸ್‌ಎಲ್‌ಆರ್ ಆದರೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತಾ) ಅಥವಾ ಮಿರರ್ ಲಾಕ್ ಮಾಡಿ (ಒಳಗಿನ ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸಿ) ತೆಗೆಯಿರಿ. 1/4ರಿಂದ 1/60 ಸೆಕೆಂಡ್ ನಡುವೆ ಕನ್ನಡಿ ಬಡಿಯುವ ಅದುರು ಎದ್ದು ಕಾಣುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ, ಆದರೂ ಮೆಕ್ಯಾನಿಕಲ್ ಶಟರಿನ ಅದುರು ಇರುತ್ತದೆ. ಶಟರಿನ ಮೊದಲ ಪರದೆಯನ್ನು ಎಲೆಕ್ಟ್ರಾನಿಕ್ ಮಾಡುವ ಆಯ್ಕೆ ಇದ್ದರೆ ಹಾಕಿಕೊಳ್ಳಿ.

ಟ್ರೈಪಾಡ್ ಸರಿಯಿಲ್ಲ ಅಂದರೆ ಗಟ್ಟಿ ಮೇಜಿನ ಮೇಲೆ ಮರಳು ತುಂಬಿದ ಬಟ್ಟೆಯ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಒರಗಿಸಿ. ನನ್ನ ಪ್ರಕಾರ ಸಡಿಲ ಟ್ರೈಪಾಡಿಗಿಂತ ಇದೇ ವಾಸಿ.

ಅಲುಗಾಟದ ಗುರುತು ಸುಲಭ. ಚಿಕ್ಕ ಹೊಳೆಯುವ ಚುಕ್ಕೆಗಳು ಗೆರೆಗಳಾಗಿರುತ್ತವೆ. ಎಲ್ಲಾ ಗೆರೆಗಳೂ ಒಂದೇ ದಿಕ್ಕಿಗೆ ಇರುತ್ತವೆ. ಫೋಕಸ್ ತಪ್ಪಿದ್ದರೆ ಚುಕ್ಕೆ ದುಂಡಗೆ ಊದಿಕೊಳ್ಳುತ್ತದೆ, ಮತ್ತು ಸ್ವಲ್ಪ ಮುಂದೆಯೋ ಹಿಂದೆಯೋ ಇನ್ನೇನೋ ಒಂದು ಶಾರ್ಪ್ ಆಗಿರುತ್ತದೆ. ಎಲ್ಲೂ ಏನೂ ಶಾರ್ಪ್ ಇಲ್ಲ, ಅಂಚುಗಳ ಸುತ್ತ ಹಾಲು ಚೆಲ್ಲಿದಂತೆ ಮಬ್ಬು ಬೆಳಕು ಇದೆ ಅಂದರೆ ಆಗ ಲೆನ್ಸಿನ ಕಡೆ ತಿರುಗಬಹುದು.

ಫೋಕಸ್ ತಪ್ಪುತ್ತಿದೆಯೇ?

ಎಪಿಎಸ್-ಸಿ ಕ್ಯಾಮೆರಾದಲ್ಲಿ 300 ಮಿ.ಮೀ., ಎಫ್/5.6, ವಸ್ತು 5 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಶಾರ್ಪ್ ಆಗಿ ಕಾಣುವ ಆಳ ಸುಮಾರು 6 ಸೆಂ.ಮೀ. ಅಷ್ಟೇ. ಹಕ್ಕಿಯ ರೆಕ್ಕೆಗೆ ಫೋಕಸ್ ಕೂತರೆ ಕಣ್ಣು ಮಂಕಾಗಿಬಿಡುತ್ತದೆ. ಇದರಲ್ಲಿ ಲೆನ್ಸಿನದೇನೂ ತಪ್ಪಿಲ್ಲ ಅಲ್ವಾ?

ಪರೀಕ್ಷೆ ಹೀಗೆ. ಅಳತೆ ಪಟ್ಟಿಯನ್ನೋ ಅಚ್ಚಾದ ಹಾಳೆಯನ್ನೋ ಓರೆಯಾಗಿ ಇಡಿ. ನಡುವೆ ಒಂದು ದಪ್ಪ ಗೆರೆ ಹಾಕಿ. ಮೊದಲು ಲೈವ್ ವ್ಯೂನಲ್ಲಿ ಚಿತ್ರವನ್ನು 10 ಪಟ್ಟು ದೊಡ್ಡದು ಮಾಡಿಕೊಂಡು, ಆ ಗೆರೆಗೆ ಕೈಯಿಂದಲೇ ಫೋಕಸ್ ಮಾಡಿ ತೆಗೆಯಿರಿ. ಆಮೇಲೆ ವ್ಯೂಫೈಂಡರ್ ಮೂಲಕ ಆಟೋ ಫೋಕಸ್‌ನಲ್ಲಿ ತೆಗೆಯಿರಿ. ಪ್ರತಿ ಸಲವೂ ಫೋಕಸ್ ರಿಂಗನ್ನು ಬೇಕೆಂದೇ ತಪ್ಪಿಸಿ, ಮತ್ತೆ ಫೋಕಸ್ ಹಿಡಿಯಲು ಬಿಡಿ.

ಕೈಯಿಂದ ಮಾಡಿದ್ದು ಚೆನ್ನಾಗಿ ಬಂದು ಆಟೋ ಫೋಕಸ್‌ನದು ಕೆಟ್ಟರೆ ಗಾಜು ಪಾಸ್. ಇನ್ನು ತಪ್ಪು ಯಾವ ಬಗೆಯದು ಎಂದು ನೋಡಿ. ಯಾವಾಗಲೂ ಗೆರೆಯ ಹಿಂದೆಯೇ, ಅಥವಾ ಯಾವಾಗಲೂ ಮುಂದೆಯೇ ಬೀಳುತ್ತಿದ್ದರೆ ಅದು ಹೊಂದಾಣಿಕೆಯ ತಪ್ಪು. ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಫೋಕಸ್ ಅಳೆಯುವುದು ಬೇರೆಯೇ ಒಂದು ಸೆನ್ಸರ್. ಅದಕ್ಕೂ ಚಿತ್ರ ಹಿಡಿಯುವ ಸೆನ್ಸರಿಗೂ ತಾಳೆ ತಪ್ಪಿದರೆ ಹೀಗಾಗುತ್ತದೆ. ಮಧ್ಯಮ ದರ್ಜೆಯ ಮತ್ತು ಅದರ ಮೇಲಿನ ಅನೇಕ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದನ್ನು ಮೆನುವಿನಿಂದಲೇ ಸರಿಪಡಿಸಬಹುದು, ಆರಂಭಿಕ ದರ್ಜೆಯವುಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇರುವುದಿಲ್ಲ. ಇನ್ನೊಂದು ತೊಡಕು: 300ಕ್ಕೆ ಸರಿ ಮಾಡಿದ್ದು 70ಕ್ಕೆ ಸರಿಹೋಗಬೇಕೆಂದಿಲ್ಲ. ನೀವು ಜಾಸ್ತಿ ಬಳಸುವ ತುದಿಗೆ ಸರಿ ಮಾಡಿಕೊಳ್ಳಿ. ಮಿರರ್‌ಲೆಸ್‌ನಲ್ಲಿ ಚಿತ್ರದ ಸೆನ್ಸರೇ ಫೋಕಸ್ ಅಳೆಯುವುದರಿಂದ ಈ ಬಗೆಯ ತಪ್ಪು ಬರುವುದಿಲ್ಲ.

ಒಮ್ಮೆ ಮುಂದೆ, ಒಮ್ಮೆ ಹಿಂದೆ ಬೀಳುತ್ತಿದ್ದರೆ ಮೆನು ತಿದ್ದಿ ಪ್ರಯೋಜನವಿಲ್ಲ. ಬೆಳಕು ಜಾಸ್ತಿ ಮಾಡಿ, ನಡುವಿನ ಫೋಕಸ್ ಬಿಂದುವನ್ನೇ ಬಳಸಿ ನೋಡಿ. ಒಳ್ಳೆ ಬೆಳಕಲ್ಲೂ ಹಾಗೇ ಆದರೆ ಲೆನ್ಸಿನ ಫೋಕಸ್ ಯಂತ್ರದಲ್ಲೇ ಸಡಿಲ ಇರಬಹುದು.

ಫೋಕಸ್ ಮೋಟರ್ ಸದ್ದೇ ಇಲ್ಲ ಅಂದರೆ ಹಾಳಾಗಿದೆ ಎಂದು ತೀರ್ಮಾನಿಸುವ ಮೊದಲು ಲೆನ್ಸಿನ ಪೂರ್ತಿ ಹೆಸರು ಓದಿ. ನಿಕಾನ್‌ನ ಹಳೆಯ ಎಎಫ್ 70–300 ಎಫ್/4–5.6 ಜಿ ಲೆನ್ಸಿನೊಳಗೆ ಮೋಟರೇ ಇಲ್ಲ, ಅದು ಬಾಡಿಯ ಮೋಟರನ್ನು ನಂಬಿಕೊಂಡಿದೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟರ್ ಇಲ್ಲದ ಕಾರಣ ಅವುಗಳ ಮೇಲೆ ಕೈಯಿಂದಲೇ ಫೋಕಸ್ ಮಾಡಬೇಕು. ಹಾಗೆಯೇ ಟ್ಯಾಮ್ರಾನ್‌ನ 70–300 ಡಿಐ ಎಲ್‌ಡಿ ಮ್ಯಾಕ್ರೋ ಲೆನ್ಸಿನ ಮ್ಯಾಕ್ರೋ ಸ್ವಿಚ್ ಇರುವುದು 180ರಿಂದ 300 ಮಿ.ಮೀ. ನಡುವೆ ಬಳಸಲು. ಅದಕ್ಕಿಂತ ಕೆಳಗೆ ಅದನ್ನು ಬಲವಂತವಾಗಿ ತಳ್ಳಲು ಹೋಗಬೇಡಿ.

ಬಿಸಿ ಗಾಳಿ

ಮಧ್ಯಾಹ್ನದ ಬಿಸಿಲಲ್ಲಿ ಟಾರು ರಸ್ತೆಯ ಆಚೆಗಿನ ಬೋರ್ಡನ್ನು ತೆಗೆದು ಲೆನ್ಸನ್ನು ಬೈಯುವವರು ಬಹಳ. ಇದಕ್ಕೆ ಉಪಾಯ, ಟ್ರೈಪಾಡ್ ಮೇಲಿಂದ ಹತ್ತು ಫೋಟೋ ಬೆನ್ನುಬೆನ್ನಿಗೆ ತೆಗೆದು ಒಂದರ ಮೇಲೊಂದು ತಿರುಗಿಸಿ ನೋಡುವುದು. ನೇರ ಗೆರೆಗಳು ನೀರೊಳಗೆ ಇದ್ದಂತೆ ಸೊಟ್ಟಗಾಗಿ, ಪ್ರತಿ ಫೋಟೋದಲ್ಲೂ ಬೇರೆ ಕಡೆ ಬಾಗಿದ್ದರೆ ಅದು ಗಾಳಿ. ಮನೆಯೊಳಗಿಂದ ಕಿಟಕಿ ತೆರೆದು ತೆಗೆದರೂ ಇದೇ ಕಥೆ, ಒಳಗಿನ ಹೊರಗಿನ ಗಾಳಿ ಬೆರೆಯುವುದು ನಿಮ್ಮ ಲೆನ್ಸಿನ ಮುಂದೆಯೇ. ಮೋಡ ಕವಿದ ದಿನವೋ ಬೆಳಗಿನ ಜಾವವೋ ಪರೀಕ್ಷೆಗೆ ಒಳ್ಳೆಯದು. ದೂರ 15 ಮೀಟರ್ ಆಸುಪಾಸು ಇರಲಿ, ಸಾಕು.

ಗೋಡೆ ಪರೀಕ್ಷೆ: ಒಂದು ಪಕ್ಕ ಮಾತ್ರ ಮಂಕಾದರೆ

ಇಲ್ಲಿಯವರೆಗೆ ಲೆನ್ಸನ್ನು ಆರೋಪದಿಂದ ಬಿಡಿಸುವ ಕೆಲಸ ಆಯಿತು. ಈಗ ಹಿಡಿಯುವ ಕೆಲಸ. ಅಗ್ಗದ ಝೂಮಿನ ನಿಜವಾದ, ಬದಲಿಸಿಕೊಡಿ ಎಂದು ಕೇಳಬಹುದಾದ ದೋಷ ಅಂದರೆ ಮುಖ್ಯವಾಗಿ ಇದು: ಒಳಗಿನ ಯಾವುದೋ ಒಂದು ಗಾಜು ಓರೆಯಾಗಿ ಕೂತಿದೆ ಅಥವಾ ಪಕ್ಕಕ್ಕೆ ಸರಿದಿದೆ. ಇದನ್ನು ಡಿಸೆಂಟರಿಂಗ್ ಅನ್ನುತ್ತಾರೆ. ಝೂಮಿನಲ್ಲಿ ಹಲವು ಗಾಜುಗಳು ಗುಂಪು ಗುಂಪಾಗಿ ಹಿಂದೆ ಮುಂದೆ ಓಡಾಡುತ್ತವೆ. ಅವು ಓಡಾಡುವ ದಾರಿಗಳು ಅಗ್ಗದ ಲೆನ್ಸಿನಲ್ಲಿ ಪ್ಲಾಸ್ಟಿಕ್‌ನವು. ಒಂದೇ ಮಾದರಿಯ ಎರಡು ಲೆನ್ಸ್ ಬೇರೆ ಬೇರೆ ಬರುವುದು ಇದಕ್ಕೇ.

ಗೋಡೆಯ ಮೇಲೆ ಸಣ್ಣ ಅಕ್ಷರದ ಪತ್ರಿಕೆಯ ಹಾಳೆಗಳನ್ನು ಅಂಟಿಸಿ. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು. 15 ಮೀಟರ್ ದೂರದಿಂದ 300ರಲ್ಲಿ ಫ್ರೇಮಿನ ಅಗಲ ಸುಮಾರು 1.2 ಮೀಟರ್ ಆಗುತ್ತದೆ, ಹಾಗಾಗಿ ದೊಡ್ಡ ಗೋಡೆಯೇನೂ ಬೇಡ. ಇಟ್ಟಿಗೆ ಗೋಡೆಯೂ ನಡೆಯುತ್ತದೆ. (ಇಟ್ಟಿಗೆ ಗೋಡೆಯ ಫೋಟೋ ಯಾರೂ ಚೌಕಟ್ಟು ಹಾಕಿಸಿ ಇಡುವುದಿಲ್ಲ ಎಂದು ನಗುವವರಿದ್ದಾರೆ. ಹಾಕಿಸಬೇಡಿ, ನೋಡಿ ಅಳಿಸಿ.)

ಕ್ಯಾಮೆರಾ ಗೋಡೆಗೆ ಸರಿಯಾಗಿ ಎದುರಾಗಿ ನಿಲ್ಲಬೇಕು. ಸ್ವಲ್ಪ ಓರೆಯಾದರೂ ಒಂದು ಪಕ್ಕ ಫೋಕಸ್‌ನಿಂದ ಹೊರಹೋಗಿ ದೋಷದಂತೆಯೇ ಕಾಣುತ್ತದೆ. ಕಣ್ಣಂದಾಜು ಸಾಲದು. ನಡುವಿನ ಹಾಳೆಯ ಮೇಲೆ ಒಂದು ಚಿಕ್ಕ ಚಪ್ಪಟೆ ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸಿ. ಕ್ಯಾಮೆರಾದಲ್ಲಿ ನೋಡುತ್ತಾ, ಕನ್ನಡಿಯೊಳಗೆ ನಿಮ್ಮ ಲೆನ್ಸಿನ ಬಿಂಬವೇ ಫ್ರೇಮಿನ ನಟ್ಟನಡುವೆ ಕಾಣುವವರೆಗೆ ಟ್ರೈಪಾಡ್ ಸರಿಸಿ. ಬಿಂಬ ನೋಡಲು ಎರಡು ಪಟ್ಟು ದೂರಕ್ಕೆ ಫೋಕಸ್ ಮಾಡಬೇಕಾಗುತ್ತದೆ. ಬಿಂಬ ನಡುವೆ ಬಂದರೆ ಕ್ಯಾಮೆರಾ ನೇರವಾಗಿದೆ. ಆಮೇಲೆ ಹಾಳೆಗೆ ಫೋಕಸ್ ಮಾಡಿ.

ಕಡಿಮೆ ಐಎಸ್‌ಒ, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ), ಅಪರ್ಚರ್ ಪೂರ್ತಿ ತೆರೆದದ್ದು ಒಂದು, ಎಫ್/8 ಒಂದು, ಎಫ್/11 ಒಂದು. 70, 135, 200, 300 ನಾಲ್ಕರಲ್ಲೂ ತೆಗೆಯಿರಿ. ಝೂಮ್ ಕಡಿಮೆ ಮಾಡಿದಂತೆ ಫ್ರೇಮ್ ಅಗಲವಾಗುತ್ತದೆ, ಆಗ ಹತ್ತಿರ ಬಂದು ಹಾಳೆಗಳು ಮೂಲೆಗೆ ಬೀಳುವಂತೆ ನೋಡಿಕೊಳ್ಳಿ, ಕನ್ನಡಿಯನ್ನೂ ಮತ್ತೊಮ್ಮೆ ನೋಡಿ.

ಈಗ ಮೂಲೆಗಳನ್ನು ನಡುವಿನ ಜೊತೆ ಹೋಲಿಸಬೇಡಿ. ಮೂಲೆ ನಡುವಿಗಿಂತ ಮಂಕಾಗಿರುವುದು ಸಹಜ. ಮೂಲೆಯನ್ನು ಮೂಲೆಯ ಜೊತೆ ಹೋಲಿಸಿ. ನಾಲ್ಕೂ ಒಂದೇ ಥರ ಮಂಕಾಗಿದ್ದರೆ ಅದು ಆ ಮಾದರಿಯ ಗುಣ, ನಿಮ್ಮ ಲೆನ್ಸಿನ ದೋಷವಲ್ಲ. ಮೂರು ಚೆನ್ನಾಗಿದ್ದು ಒಂದು ಕೆಟ್ಟಿದ್ದರೆ, ಅಥವಾ ಎಡ ಪಕ್ಕ ಓದಲು ಬಂದು ಬಲ ಪಕ್ಕ ಬಾರದಿದ್ದರೆ, ಮುಂದಿನ ಹೆಜ್ಜೆ ಇಡಿ.

ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಮರಳು ಚೀಲದ ಮೇಲಿಟ್ಟು ಅದೇ ಗೋಡೆಯನ್ನು ತೆಗೆಯಿರಿ. ಮಂಕು ಗೋಡೆಯ ಅದೇ ಪಕ್ಕದಲ್ಲೇ ಉಳಿಯಿತೇ? ಹಾಗಾದರೆ ಗೋಡೆಯೋ ನಿಮ್ಮ ನಿಲುವೋ ಓರೆಯಿದೆ. ಮಂಕು ಕ್ಯಾಮೆರಾದ ಜೊತೆ ತಿರುಗಿ ಗೋಡೆಯ ಇನ್ನೊಂದು ಪಕ್ಕಕ್ಕೆ ಹೋಯಿತೇ? ಹಾಗಾದರೆ ಸಿಕ್ಕಿಬಿತ್ತು. ಅದೇ ಕ್ಯಾಮೆರಾಕ್ಕೆ ಬೇರೊಂದು ಲೆನ್ಸ್ ಹಾಕಿಯೂ ನೋಡಿ. ಅದರಲ್ಲೂ ಅದೇ ಪಕ್ಕ ಕೆಟ್ಟರೆ ತಪ್ಪು ಬಾಡಿಯ ಮೌಂಟಿನಲ್ಲೋ ಸೆನ್ಸರಿನ ಕೂರುವಿಕೆಯಲ್ಲೋ ಇದೆ.

ಕೊನೆಗೆ, ಕೆಟ್ಟ ಮೂಲೆಗೇ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ತೆಗೆಯಿರಿ. ಆಗ ಆ ಮೂಲೆ ಶಾರ್ಪ್ ಆದರೆ ಫೋಕಸ್ ನಿಲ್ಲುವ ಸಮತಲ ವಾಲಿದೆ ಎಂದರ್ಥ. ಎಫ್/8, ಎಫ್/11ರಲ್ಲಿ ಇದು ಬಹುಪಾಲು ಮುಚ್ಚಿಹೋಗುತ್ತದೆ, ಹಕ್ಕಿ ತೆಗೆಯುವವರಿಗೆ ಗೊತ್ತೇ ಆಗುವುದಿಲ್ಲ. ಎಷ್ಟು ಫೋಕಸ್ ಮಾಡಿದರೂ ಆ ಮೂಲೆ ಶಾರ್ಪ್ ಆಗದೆ ಅಕ್ಷರಗಳಿಗೆ ಒಂದೇ ಕಡೆ ಬಾಲ ಬಂದಂತೆ ಕಂಡರೆ ಗಾಜು ಸರಿದಿದೆ. ಇದನ್ನು ಮನೆಯಲ್ಲಿ ಸರಿಪಡಿಸಲು ಆಗುವುದಿಲ್ಲ, ಸುಮ್ನೆ ಸ್ಕ್ರೂ ಬಿಚ್ಚಬೇಡಿ.

ಗೋಡೆ ಸಿಗದವರಿಗೆ ರಾತ್ರಿಯ ದಾರಿಯೊಂದಿದೆ. ಸಣ್ಣ ಎಲ್‌ಇಡಿ ಟಾರ್ಚಿನ ಮುಂದೆ ಸೂಜಿಯಿಂದ ಚುಚ್ಚಿದ ಹಾಳೆ ಕಟ್ಟಿ ದೂರದಲ್ಲಿಡಿ. ಫ್ರೇಮಿನ ನಡುವೆ ತಂದು ಫೋಕಸ್ ಸ್ವಲ್ಪ ತಪ್ಪಿಸಿ. ಚುಕ್ಕೆ ತಟ್ಟೆಯಂತೆ ಹರಡುತ್ತದೆ. ಅದು ದುಂಡಗೆ, ಎಲ್ಲಾ ಕಡೆ ಒಂದೇ ಸಮ ಇರಬೇಕು. ಬೆಳಕೆಲ್ಲ ಒಂದು ಬದಿಗೆ ಒತ್ತಿಕೊಂಡಿದ್ದರೆ ಒಳಗೆ ಏನೋ ಸರಿದಿದೆ. ಮೂಲೆಯಲ್ಲಿ ತಟ್ಟೆ ಬೆಕ್ಕಿನ ಕಣ್ಣಿನಂತೆ ಕತ್ತರಿಸಿ ಕಾಣುವುದು ಮಾಮೂಲು. ಎದುರು ಬದಿರಿನ ಮೂಲೆಗಳಲ್ಲಿ ಅದು ಒಂದೇ ಥರ ಇದ್ದರೆ ಚಿಂತೆಯಿಲ್ಲ.

300ರಲ್ಲಿ ಎಲ್ಲಾ ಕಡೆಯೂ ಸ್ವಲ್ಪ ಸಾಫ್ಟ್

ಇದು ದೋಷವಲ್ಲ, ಬೆಲೆ. ಈ ವರ್ಗದ ಹೆಚ್ಚಿನ ಲೆನ್ಸುಗಳು 200ರವರೆಗೆ ಚೆನ್ನಾಗಿದ್ದು ಕೊನೆಯ ಭಾಗದಲ್ಲಿ ಸೋಲುತ್ತವೆ. ಎಫ್/8ಕ್ಕೆ ಇಳಿಸಿದರೆ ಎದ್ದು ಕಾಣುವಷ್ಟು ಸುಧಾರಿಸುತ್ತವೆ. ಎಫ್/16ರ ಆಚೆ ಬೆಳಕಿನ ಡಿಫ್ರಾಕ್ಷನ್‌ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಮತ್ತೆ ಮಂಕಾಗುತ್ತವೆ, ಅದು ದುಬಾರಿ ಲೆನ್ಸಿಗೂ ತಪ್ಪಿದ್ದಲ್ಲ. ಎಫ್/8ಕ್ಕೂ ಸುಧಾರಿಸದೆ ಹಾಗೇ ಕೂತಿದ್ದರೆ ಮಾತ್ರ ಗೋಡೆ ಪರೀಕ್ಷೆಗೆ ವಾಪಸ್ ಹೋಗಿ.

300 ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆಯೇ ಎಂದು ತಿಳಿಯಲು ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ನಿಂತ ಜಾಗದಿಂದಲೇ, ಎಫ್/8ರಲ್ಲಿ, 200ಕ್ಕೊಂದು 300ಕ್ಕೊಂದು ತೆಗೆಯಿರಿ. ಕಂಪ್ಯೂಟರಿನಲ್ಲಿ 200ರದನ್ನು ಒಂದೂವರೆ ಪಟ್ಟು ಹಿಗ್ಗಿಸಿ ಪಕ್ಕಪಕ್ಕ ಇಡಿ. 300ರಲ್ಲಿ ಓದಲು ಬರುವ ಅಕ್ಷರ ಹಿಗ್ಗಿಸಿದ್ದರಲ್ಲಿ ಬಾರದಿದ್ದರೆ ಲೆನ್ಸ್ ತನ್ನ ಕೆಲಸ ಮಾಡುತ್ತಿದೆ. ಎರಡೂ ಒಂದೇ ಆಗಿದ್ದರೆ ಕೊನೆಯ 100 ಮಿ.ಮೀ. ಬರೀ ಹೆಸರಿಗೆ. 200–250ಕ್ಕೆ ನಿಲ್ಲಿಸಿ ತೆಗೆದು ಆಮೇಲೆ ಕ್ರಾಪ್ ಮಾಡಿಕೊಳ್ಳಿ.

100 ಶೇಕಡಾ ಹಿಗ್ಗಿಸಿ ನೋಡುವಾಗ ಒಂದು ಲೆಕ್ಕ ಮನಸ್ಸಲ್ಲಿರಲಿ. 6000 ಪಿಕ್ಸೆಲ್ ಅಗಲದ ಚಿತ್ರವನ್ನು ಸಾಧಾರಣ ಮಾನಿಟರಿನಲ್ಲಿ ಹಾಗೆ ನೋಡುವುದು ಒಂದೂವರೆ ಮೀಟರ್‌ಗೂ ಅಗಲವಾದ ಪ್ರಿಂಟಿಗೆ ಮುಖ ತಾಗಿಸಿ ನೋಡಿದಂತೆ.

ಬಣ್ಣದ ಅಂಚುಗಳು

ಮೂಲೆಯ ಕಡೆ ಹೋದಂತೆ ಕೊಂಬೆಗಳ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಕಂಡರೆ ಅದು ಸಾಫ್ಟ್‌ವೇರಿನಲ್ಲಿ ಒಂದು ಟಿಕ್ ಹಾಕಿದರೆ ಹೋಗುವಂಥದ್ದು. ಹೊಳೆಯುವ ವಸ್ತುವಿನ ಸುತ್ತ ನೇರಳೆ ಬಣ್ಣ ಬಂದರೆ ಅಪರ್ಚರ್ ಇಳಿಸಿ, ಕಡಿಮೆಯಾಗುತ್ತದೆ. ಎರಡೂ ಅಗ್ಗದ ಲೆನ್ಸಿನ ಮಾಮೂಲು ಗುಣಗಳೇ. ಆದರೆ ಫ್ರೇಮಿನ ನಟ್ಟನಡುವೆಯೇ ಒಂದು ಬದಿ ಕೆಂಪು, ಒಂದು ಬದಿ ಹಸಿರು ಬಂದರೆ ಅನುಮಾನಪಡಿ. ಅದು ಗಾಜು ಸರಿದಿರುವುದಕ್ಕೆ ಇನ್ನೊಂದು ಸಾಕ್ಷಿ.

ಇದಕ್ಕೆ ಚಂದ್ರ ಒಳ್ಳೆಯ ಗುರಿ. 300 ಮಿ.ಮೀ.ನಲ್ಲಿ ಸೆನ್ಸರಿನ ಮೇಲೆ ಅದರ ಅಗಲ ಸುಮಾರು 2.7 ಮಿ.ಮೀ., ಮೇಲೆ ಹೇಳಿದ ಕ್ಯಾಮೆರಾದಲ್ಲಿ 700 ಪಿಕ್ಸೆಲ್ ಆಸುಪಾಸು. ಚಂದ್ರ ಮೇಲೇರಿದ ಮೇಲೆಯೇ ತೆಗೆಯಿರಿ. ದಿಗಂತದ ಹತ್ತಿರ ಇದ್ದಾಗ ವಾತಾವರಣವೇ ಬಣ್ಣ ಒಡೆದು ಕೆಳಗಿನ ಅಂಚಿಗೆ ಕೆಂಪು, ಮೇಲಿನ ಅಂಚಿಗೆ ನೀಲಿ ಹಚ್ಚುತ್ತದೆ. ಆ ತಪ್ಪನ್ನು ಲೆನ್ಸಿನ ಲೆಕ್ಕಕ್ಕೆ ಬರೆಯಬೇಡಿ.

ಚಿತ್ರ ಪೂರ್ತಿ ಸಪ್ಪೆ, ಕಪ್ಪು ಕಪ್ಪಾಗಿಲ್ಲ

ಹುಡ್ (ಪಕ್ಕದ ಬೆಳಕು ತಡೆಯಲು ಲೆನ್ಸಿನ ಮುಂದೆ ಹಾಕುವ ಕೊಳವೆ) ಹಾಕಿ ನೋಡಿ. ಸರಿಹೋಗದಿದ್ದರೆ ಲೆನ್ಸ್ ಬಿಚ್ಚಿ, ಕತ್ತಲ ಕೋಣೆಯಲ್ಲಿ ಹಿಂದಿನಿಂದ ಓರೆಯಾಗಿ ಟಾರ್ಚ್ ಹಾಕಿ ಮುಂದಿನಿಂದ ನೋಡಿ. ನಾಲ್ಕೈದು ಧೂಳಿನ ಕಣ ಏನೂ ಮಾಡುವುದಿಲ್ಲ. ಉಸಿರು ಊದಿದಂತೆ ಸಮವಾದ ಮಬ್ಬು ಇದ್ದರೆ, ಅಥವಾ ಜೇಡರ ಬಲೆಯಂಥ ಎಳೆಗಳಿದ್ದರೆ (ಅದು ಬೂಷ್ಟು) ಸಪ್ಪೆ ಚಿತ್ರಕ್ಕೆ ಕಾರಣ ಸಿಕ್ಕಿತು. ಹಳೆಯ ಲೆನ್ಸ್ ಕೊಳ್ಳುವಾಗ ಈ ಟಾರ್ಚ್ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿ. ಬೂಷ್ಟು ಹಿಡಿದ ಲೆನ್ಸ್ ಅಗ್ಗಕ್ಕೆ ಸಿಕ್ಕರೂ ಬೇಡ, ಶುಚಿ ಮಾಡಿಸುವ ಖರ್ಚೇ ಲೆನ್ಸಿನ ಬೆಲೆ ಮುಟ್ಟಬಹುದು.

ಬೆಳಕು ಏರುಪೇರು, ಎರರ್, ಸಡಿಲ

ಒಂದೇ ದೃಶ್ಯವನ್ನು ಮ್ಯಾನ್ಯುವಲ್ ಮೋಡಿನಲ್ಲಿ ಎಫ್/5.6, 8, 11, 16 ಎಂದು ಇಳಿಸುತ್ತಾ, ಅದಕ್ಕೆ ತಕ್ಕಂತೆ ಶಟರ್ ಸಮಯ ಎರಡೆರಡು ಪಟ್ಟು ಮಾಡುತ್ತಾ ತೆಗೆಯಿರಿ. ನಾಲ್ಕೂ ಒಂದೇ ಬೆಳಕಿನಲ್ಲಿ ಬರಬೇಕು. ಎಫ್/11, 16ರಲ್ಲಿ ಬೆಳ್ಳಗಾಗುತ್ತಾ ಹೋದರೆ ಅಪರ್ಚರಿನ ಎಲೆಗಳು ಪೂರ್ತಿ ಮುಚ್ಚುತ್ತಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ನಾವು ನೋಡುವುದೂ ಫೋಕಸ್ ಮಾಡುವುದೂ ಎಲೆಗಳು ಪೂರ್ತಿ ತೆರೆದಿರುವಾಗ, ಅದಕ್ಕೇ ಈ ರೋಗ ಬೇಗ ಗೊತ್ತಾಗುವುದಿಲ್ಲ.

ಎರರ್ ಬಂದರೆ ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಬಿಚ್ಚಿ, ಚಿನ್ನದ ಬಣ್ಣದ ಸಂಪರ್ಕ ಬಿಂದುಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಬಹಳಷ್ಟು ಸಲ ಇಷ್ಟೇ ಸಾಕಾಗುತ್ತದೆ. ಲೆನ್ಸನ್ನು ಕೆಳಗೆ ಮಾಡಿದಾಗ ಝೂಮ್ ತಾನೇ ಜಾರುವುದು, ಹೊರಬಂದ ಕೊಳವೆ ಸ್ವಲ್ಪ ಅಲುಗುವುದು ಈ ಬೆಲೆಯಲ್ಲಿ ಮಾಮೂಲು. ಅಲುಗು ಜಾಸ್ತಿ ಅನ್ನಿಸಿದರೆ 300ರಲ್ಲಿ ಕೊಳವೆಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ಹಿಡಿದು ಒಂದು, ಬಿಟ್ಟು ಒಂದು ಗೋಡೆಯ ಫೋಟೋ ತೆಗೆಯಿರಿ. ಮಂಕು ಪಕ್ಕ ಬದಲಾದರೆ ಆ ಸಡಿಲವೇ ಕಾರಣ.

ದುರಸ್ತಿಗೆ ಅಥವಾ ಬದಲಿಗೆ ಕೊಡುವಾಗ

"ಶಾರ್ಪ್ ಇಲ್ಲ" ಎಂದಷ್ಟೇ ಹೇಳಿದರೆ ಲೆನ್ಸ್ ಹಾಗೇ ವಾಪಸ್ ಬರುತ್ತದೆ. ಗೋಡೆಯ ನೇರ ಫೋಟೋ, ತಲೆಕೆಳಗಾದ ಫೋಟೋ, ಕೆಟ್ಟ ಮೂಲೆಗೆ ಫೋಕಸ್ ಮಾಡಿದ ಫೋಟೋ, ಬೇರೆ ಲೆನ್ಸಿನದೊಂದು ಫೋಟೋ, ಈ ನಾಲ್ಕನ್ನು ಕತ್ತರಿಸದೆ, ತಿದ್ದದೆ ಜೊತೆಗೆ ಕೊಡಿ. ಯಾವ ಮೂಲೆ, ಯಾವ ಫೋಕಲ್ ಉದ್ದ, ಯಾವ ಅಪರ್ಚರ್ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಹೊಸ ಲೆನ್ಸ್ ಆಗಿದ್ದರೆ ವಾಪಸಾತಿಯ ಅವಧಿಯೊಳಗೇ ಇದನ್ನೆಲ್ಲ ಮುಗಿಸಿ, ದುರಸ್ತಿಗಿಂತ ಬದಲಿ ಕೇಳುವುದೇ ಮೇಲು. ಬದಲಿ ಬಂದ ಲೆನ್ಸನ್ನೂ ಅದೇ ಗೋಡೆಯ ಮುಂದೆ, ಅದೇ ಸೆಟ್ಟಿಂಗಿನಲ್ಲಿ ತೆಗೆದು ಹಳೆಯ ಫೋಟೋಗಳ ಪಕ್ಕ ಇಟ್ಟು ನೋಡಿ. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದಾಗಿ ಬರುವುದೂ ಉಂಟು.